ಹೊಸ ಪ್ರೋಸೆಸ್ ಎಂಜಿನಿಯರ್ ಎಲ್ಲಿ ಸೇರಬೇಕು? ಫ್ಯಾಬ್, ಪ್ಯಾಕೇಜಿಂಗ್ ಘಟಕ ಮತ್ತು ಯಂತ್ರ ತಯಾರಿಸುವ ಕಂಪನಿಗಳ ಹೋಲಿಕೆ

ಕರ್ನಾಟಕದಲ್ಲಿ ಸೆಮಿಕಂಡಕ್ಟರ್ ಕೆಲಸ ಎಂದರೆ ಬಹುಕಾಲ ಚಿಪ್ ವಿನ್ಯಾಸ ಎಂದೇ ತಿಳಿಯಲಾಗುತ್ತಿತ್ತು. ಎಲೆಕ್ಟ್ರಾನಿಕ್ಸ್ ಓದಿದವರು ಬೆಂಗಳೂರಿನಲ್ಲಿ ವಿಎಲ್‌ಎಸ್‌ಐ ತರಬೇತಿ ಪಡೆದು ವಿನ್ಯಾಸ ಕಂಪನಿ ಸೇರುತ್ತಿದ್ದರು. ಕೆಮಿಕಲ್, ಮೆಕ್ಯಾನಿಕಲ್, ಮೆಟಲರ್ಜಿ ಓದಿದವರಿಗೂ ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವರಿಗೂ ಆ ಕಡೆಗೆ ದಾರಿ ಕಾಣುತ್ತಿದ್ದುದು ಅಪರೂಪ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 76,000 ಕೋಟಿ ರೂಪಾಯಿಗಳ ಸೆಮಿಕಂಡಕ್ಟರ್ ಯೋಜನೆಗೆ ಒಪ್ಪಿಗೆ ನೀಡಿದ ಬಳಿಕ ಈ ಸ್ಥಿತಿ ಬದಲಾಗತೊಡಗಿದೆ. ಗುಜರಾತಿನ ಧೋಲೇರಾದಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ತೈವಾನಿನ ಪಿಎಸ್‌ಎಂಸಿ ಕಂಪನಿಯ ತಂತ್ರಜ್ಞಾನದೊಂದಿಗೆ ಕೈಗೆತ್ತಿಕೊಂಡ ಫ್ಯಾಬ್ (ಚಿಪ್ ತಯಾರಿಸುವ ಕಾರ್ಖಾನೆ), ಸಾನಂದ್‌ನಲ್ಲಿ ಮೈಕ್ರಾನ್, ಸಿಜಿ ಸೆಮಿ ಮತ್ತು ಮೈಸೂರು ಮೂಲದ ಕೇನ್ಸ್ ಕಂಪನಿಗಳ ಜೋಡಣೆ ಹಾಗೂ ಪರೀಕ್ಷಾ ಘಟಕಗಳು, ಅಸ್ಸಾಮಿನ ಜಾಗೀರೋಡಿನಲ್ಲಿ ಟಾಟಾದ ಪ್ಯಾಕೇಜಿಂಗ್ (ತಯಾರಾದ ಚಿಪ್ಪಿಗೆ ಸಂಪರ್ಕ ಕೊಟ್ಟು ಕವಚ ತೊಡಿಸುವ) ಘಟಕ, ಇವೆಲ್ಲಕ್ಕೂ ಚಿಪ್ಪಿನ ನಕ್ಷೆ ಬರೆಯುವವರಿಗಿಂತ ಚಿಪ್ಪನ್ನು ಕೈಯಾರೆ ತಯಾರಿಸಬಲ್ಲವರು ಬೇಕು. ಅಂಥ ಕೆಲಸಗಳಲ್ಲಿ ಹೊಸಬರಿಗೆ ಹೆಚ್ಚಾಗಿ ದೊರೆಯುವ ಹುದ್ದೆ, ತಯಾರಿಕೆಯ ಒಂದೊಂದು ಹಂತವನ್ನು ನೋಡಿಕೊಳ್ಳುವ ಪ್ರೋಸೆಸ್ ಎಂಜಿನಿಯರ್.

ಒಂದೇ ಹೆಸರಿನ ಈ ಹುದ್ದೆ ಮೂರು ಬಗೆಯ ಕಂಪನಿಗಳಲ್ಲಿ ಮೂರು ಬೇರೆ ಬೇರೆ ಬದುಕುಗಳನ್ನು ಕೊಡುತ್ತದೆ. ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆಗೆ ಸಂಬಳದ ಅಂಕಿಯನ್ನೋ ‘ಎಷ್ಟು ನ್ಯಾನೊಮೀಟರ್’ (ಚಿಪ್ಪಿನ ತಂತ್ರಜ್ಞಾನ ಎಷ್ಟು ಸೂಕ್ಷ್ಮ) ಎಂಬುದನ್ನೋ ಮುಂದಿಟ್ಟು ಉತ್ತರ ಹುಡುಕುವವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಮೊದಲ ಮೂರು ವರ್ಷಗಳ ಮಟ್ಟಿಗೆ ಇವೆರಡಕ್ಕಿಂತ ಮುಖ್ಯವಾದ ಅಳತೆ ಬೇರೊಂದಿದೆ: ದಿನವೂ ಉತ್ಪಾದನೆಯ ಮಾಲು ಹರಿಯುವ ಒಂದು ಹಂತದ ಹೊಣೆ ನಿಮ್ಮ ಹೆಸರಿಗೆ ಬರುತ್ತದೆಯೇ, ಅದರ ಅಳತೆಗಳನ್ನು ನೋಡಿ ತೀರ್ಮಾನ ತೆಗೆದುಕೊಳ್ಳುವ ಅವಕಾಶ ನಿಮಗೆ ಸಿಗುತ್ತದೆಯೇ?

ಈ ಹೊಣೆ ಎಂದರೇನು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ವೇಫರ್, ಅಂದರೆ ಚಿಪ್ಪುಗಳು ಮೂಡುವ ಸಿಲಿಕಾನಿನ ತೆಳು ಬಿಲ್ಲೆ, ಫ್ಯಾಬಿನ ಒಳಗೆ ಬಂದು ಚಿಪ್ಪುಗಳನ್ನು ಹೊತ್ತು ಹೊರಬರುವಷ್ಟರಲ್ಲಿ ನೂರಾರು ಹಂತಗಳನ್ನು ದಾಟುತ್ತದೆ. ಅದಕ್ಕೆ ಹಲವು ವಾರಗಳೇ ಬೇಕು. ಸಿಲಿಕಾನ್ ನೈಟ್ರೈಡ್ ಪದರವನ್ನು ಕೂಡಿಸುವ ಒಂದು ಹಂತ ನಿಮ್ಮದು ಎಂದಿಟ್ಟುಕೊಳ್ಳಿ. ಸೈಲೇನ್ ಮತ್ತು ಅಮೋನಿಯಾ ಅನಿಲಗಳು ಪ್ಲಾಸ್ಮಾದಲ್ಲಿ ಒಡೆದು ವೇಫರಿನ ಮೇಲೆ ನೈಟ್ರೈಡ್ ಪದರವಾಗಿ ಕೂರುತ್ತವೆ. ಪದರದ ದಪ್ಪವನ್ನು ಯಂತ್ರ ಅಳೆಯುತ್ತದೆ, ಆ ಅಂಕಿ ಎಸ್‌ಪಿಸಿ ಚಾರ್ಟಿನ (ಅಳತೆಗಳ ಏರಿಳಿತವನ್ನು ಕಾಯುವ ನಕ್ಷೆಯ) ಮೇಲೆ ಒಂದು ಚುಕ್ಕೆಯಾಗುತ್ತದೆ. ಬೆಳಿಗ್ಗೆ ನೀವು ಬಂದಾಗ ಚುಕ್ಕೆಗಳೆಲ್ಲ ಮೇಲಿನ ಹಾಗೂ ಕೆಳಗಿನ ಮಿತಿಯ ಒಳಗೇ ಇರುತ್ತವೆ, ಆದರೆ ಸತತ ಎಂಟು ಚುಕ್ಕೆಗಳು ನಡುಗೆರೆಯ ಒಂದೇ ಬದಿಗೆ ಬಿದ್ದಿರುತ್ತವೆ. ನಿಯಮದ ಪ್ರಕಾರ ಇದು ಎಚ್ಚರಿಕೆಯ ಸೂಚನೆ. ಇಪ್ಪತ್ತೈದು ವೇಫರ್‌ಗಳ ಲಾಟ್ ಹೋಲ್ಡ್ ಆಗಿ ನಿಂತಿದೆ. ಅದನ್ನು ಮುಂದಕ್ಕೆ ಬಿಡಬೇಕೇ, ಮತ್ತೆ ಅಳೆಯಬೇಕೇ, ಯಂತ್ರವನ್ನು ನಿಲ್ಲಿಸಬೇಕೇ? ಕಳೆದ ಪಿಎಂ (ಯಂತ್ರದ ನಿಗದಿತ ನಿರ್ವಹಣೆ) ಯಾವಾಗ ಆಯಿತು, ಯಾವ ಚೇಂಬರಿನಲ್ಲಿ ಮಾತ್ರ ಹೀಗಾಗಿದೆ, ಅನಿಲದ ಸಿಲಿಂಡರ್ ಬದಲಾಯಿತೇ, ಅಳೆಯುವ ಯಂತ್ರವೇ ಸರಿದಿದೆಯೇ ಎಂದು ಒಂದೊಂದನ್ನೇ ಕೆದಕಿ, ಉತ್ಪಾದನಾ ವಿಭಾಗದವರು ಅವಸರಪಡಿಸುತ್ತಿರುವಾಗಲೇ ಉತ್ತರ ಕೊಡಬೇಕಾದವರು ನೀವು. ಈ ಕೆಲಸವನ್ನು ಪುಸ್ತಕದಿಂದ ಕಲಿಯಲಾಗದು. ಮಾಲು ಹೆಚ್ಚು ಹರಿದಷ್ಟೂ ಇಂಥ ಪ್ರಸಂಗಗಳು ಹೆಚ್ಚು ಬರುತ್ತವೆ, ಅಷ್ಟರಮಟ್ಟಿಗೆ ಎಂಜಿನಿಯರ್ ಬೇಗ ಮಾಗುತ್ತಾರೆ.

ಈ ಅಳತೆಗೋಲನ್ನು ಹಿಡಿದು ನೋಡಿದರೆ, ವರ್ಷಗಳಿಂದ ಪೂರ್ಣಪ್ರಮಾಣದಲ್ಲಿ ಓಡುತ್ತಿರುವ ಫ್ಯಾಬ್ ಮೊದಲ ಸ್ಥಾನಕ್ಕೆ ಬರುತ್ತದೆ. ತೈವಾನಿನ ಸಿಂಚು, ಸಿಂಗಪುರ, ಜರ್ಮನಿಯ ಡ್ರೆಸ್ಡೆನ್, ಅಮೆರಿಕದ ಅರಿಜೋನಾ ಮುಂತಾದ ಕಡೆ ಇಂಥವು ಇವೆ, ಅಲ್ಲಿ ಎಂ.ಟೆಕ್. ಅಥವಾ ಎಂ.ಎಸ್. ಮುಗಿಸಿ ಸೇರುವ ಕನ್ನಡಿಗರಿಗೆ ಕಲಿಕೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ. ಆದರೆ ಭಾರತದಲ್ಲಿ ಈಗ ಹೊಸಬರಿಗೆ ಸಿಗುವ ದೊಡ್ಡ ಫ್ಯಾಬ್ ಅವಕಾಶವೆಂದರೆ ಧೋಲೇರಾದ್ದು, ಮತ್ತು ಹೊಸದಾಗಿ ಏಳುವ ಫ್ಯಾಬಿಗೂ ಓಡುತ್ತಿರುವ ಫ್ಯಾಬಿಗೂ ಅಜಗಜಾಂತರವಿದೆ. 2024ರ ಫೆಬ್ರವರಿಯಲ್ಲಿ ಸಂಪುಟದ ಒಪ್ಪಿಗೆ ಪಡೆದ, ಸುಮಾರು 91,000 ಕೋಟಿ ರೂಪಾಯಿಗಳ ಆ ಯೋಜನೆಯ ಗುರಿ ತಿಂಗಳಿಗೆ 50,000 ವೇಫರ್. ತಂತ್ರಜ್ಞಾನ 28ರಿಂದ 110 ನ್ಯಾನೊಮೀಟರ್‌ವರೆಗಿನದು. ಹೊಸ ಫ್ಯಾಬಿನಲ್ಲಿ ಮೊದಲ ಕೆಲವು ವರ್ಷ ನಡೆಯುವುದು ಯಂತ್ರಗಳನ್ನು ಇಳಿಸಿ ಜೋಡಿಸುವುದು, ಅನಿಲ ಮತ್ತು ನೀರಿನ ಸಂಪರ್ಕ ಕೊಡುವುದು, ಒಂದೊಂದು ಯಂತ್ರವನ್ನೂ ಪರೀಕ್ಷಿಸಿ ಅರ್ಹಗೊಳಿಸುವುದು, ಪಾಲುದಾರ ಫ್ಯಾಬಿನ ರೆಸಿಪಿ (ಯಂತ್ರಕ್ಕೆ ಕೊಡುವ ಅನಿಲ, ಶಾಖ, ಸಮಯಗಳ ಪಟ್ಟಿ) ಇಲ್ಲಿಯೂ ಅದೇ ಫಲ ಕೊಡುವಂತೆ ಹೊಂದಿಸುವುದು. ಓಡುತ್ತಿರುವ ಫ್ಯಾಬಿಗೆ ಸೇರಿದವರಿಗೆ ಈ ಅನುಭವ ಅನೇಕ ಸಲ ಇಡೀ ವೃತ್ತಿಯಲ್ಲಿ ಒಮ್ಮೆಯೂ ದೊರೆಯುವುದಿಲ್ಲ. ಆದರೆ ಹರಿವು ಇಲ್ಲದ ಕಡೆ ಚಾರ್ಟಿನಲ್ಲಿ ಚುಕ್ಕೆಗಳೇ ಇರುವುದಿಲ್ಲ. ಆದ್ದರಿಂದ ಹೊಸ ಫ್ಯಾಬಿನ ಆಫರ್ ಕೈಯಲ್ಲಿದ್ದರೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: ಪಾಲುದಾರ ಕಂಪನಿಯ ಓಡುತ್ತಿರುವ ಫ್ಯಾಬಿನಲ್ಲಿ ತರಬೇತಿಗೆ ಕಳಿಸುತ್ತೀರಾ, ಕಳಿಸಿದರೆ ಎಷ್ಟು ತಿಂಗಳು, ಅಲ್ಲಿ ಬರೀ ನೋಡುವುದೇ ಅಥವಾ ಲಾಟ್‌ಗಳ ಕೆಲಸದಲ್ಲಿ ಕೈಹಾಕಲು ಬಿಡುತ್ತಾರೆಯೇ? ಆರು ತಿಂಗಳಿಗಿಂತ ಹೆಚ್ಚಿನ, ಕೈಹಾಕಲು ಬಿಡುವ ತರಬೇತಿ ಇದ್ದರೆ ಹೊಸ ಫ್ಯಾಬನ್ನು ಧೈರ್ಯವಾಗಿ ಒಪ್ಪಿಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ.

ಪ್ಯಾಕೇಜಿಂಗ್ ಘಟಕಗಳ ಬಗ್ಗೆ ನಮ್ಮ ಕಾಲೇಜುಗಳಲ್ಲಿ ಒಂದು ತಾತ್ಸಾರವಿದೆ. ‘ಅಲ್ಲಿ ಚಿಪ್ ಮಾಡುವುದಿಲ್ಲ, ಡಬ್ಬಿಗೆ ತುಂಬುತ್ತಾರೆ ಅಷ್ಟೆ’ ಎಂಬ ಮಾತನ್ನು ಪ್ಲೇಸ್‌ಮೆಂಟ್ ಹೊತ್ತಿನಲ್ಲಿ ಕೇಳಬಹುದು. ಈ ಮಾತು ತಪ್ಪು, ಮತ್ತು ಇದನ್ನು ನಂಬಿ ಒಳ್ಳೆಯ ಆಫರ್ ಬಿಟ್ಟವರಿಗೆ ನಿಜವಾದ ನಷ್ಟವಾಗುತ್ತದೆ. ವೈರ್ ಬಾಂಡಿಂಗ್ ಎಂಬ ಒಂದೇ ಹಂತವನ್ನು ಹತ್ತಿರದಿಂದ ನೋಡಿ. ತಲೆಗೂದಲಿಗಿಂತ ತೆಳುವಾದ, 20ರಿಂದ 25 ಮೈಕ್ರಾನ್ ಆಸುಪಾಸಿನ ಚಿನ್ನದ ಅಥವಾ ತಾಮ್ರದ ತಂತಿಯ ತುದಿಯನ್ನು ಕಿಡಿಯಿಂದ ಕರಗಿಸಿ ಪುಟ್ಟ ಗುಂಡಾಗಿಸಿ, ಚಿಪ್ಪಿನ ಮೇಲಿನ ಅಲ್ಯೂಮಿನಿಯಂ ಪ್ಯಾಡಿಗೆ ಒತ್ತಿ, ಶಾಖ ಮತ್ತು ಅಲ್ಟ್ರಾಸಾನಿಕ್ ಕಂಪನದಿಂದ ಬೆಸೆಯಲಾಗುತ್ತದೆ. ತಾಮ್ರ ಚಿನ್ನಕ್ಕಿಂತ ಗಡುಸು, ಜೊತೆಗೆ ಗಾಳಿ ತಾಕಿದರೆ ಆಕ್ಸೈಡ್ ಆಗುತ್ತದೆ. ಹಾಗಾಗಿ ಗುಂಡು ಮೂಡುವ ಜಾಗಕ್ಕೆ ನೈಟ್ರೋಜನ್ ಮತ್ತು ಸ್ವಲ್ಪ ಹೈಡ್ರೋಜನ್ ಬೆರೆತ ಅನಿಲವನ್ನು ಹಾಯಿಸಬೇಕು. ಒತ್ತಡ ಮತ್ತು ಕಂಪನ ಕಡಿಮೆಯಾದರೆ ಗುಂಡು ಪ್ಯಾಡಿನಿಂದ ಎದ್ದುಬರುತ್ತದೆ. ಹೆಚ್ಚಾದರೆ ಮೇಲೆ ಎಲ್ಲವೂ ಚೆನ್ನಾಗಿ ಕಂಡರೂ ಪ್ಯಾಡಿನ ಕೆಳಗೆ ಬಿರುಕು ಬಿಟ್ಟಿರುತ್ತದೆ, ಅದು ಬಯಲಾಗುವುದು ಬಹುಶಃ ಗ್ರಾಹಕರ ಕೈಯಲ್ಲಿ. ಈ ಎರಡು ಕೆಡುಕುಗಳ ನಡುವಿನ ಸುರಕ್ಷಿತ ವ್ಯಾಪ್ತಿಯನ್ನು ಪ್ರಯೋಗಗಳಿಂದ ಹುಡುಕಿ, ತಂತಿ ಎಳೆದು ನೋಡುವ ಪರೀಕ್ಷೆ ಮತ್ತು ಗುಂಡನ್ನು ಪಕ್ಕದಿಂದ ತಳ್ಳಿ ನೋಡುವ ಪರೀಕ್ಷೆಗಳಿಂದ ಅದನ್ನು ದಿನವೂ ಕಾಯುವುದು ಅಪ್ಪಟ ಪ್ರೋಸೆಸ್ ಎಂಜಿನಿಯರಿಂಗ್.

ಇಲ್ಲಿ ಇನ್ನೊಂದು ಅನುಕೂಲವಿದೆ. ವೇಫರಿನ ಹಿಂಬದಿ ಸವೆಸುವುದು, ಕತ್ತರಿಸುವುದು, ಡೈ (ಕತ್ತರಿಸಿದ ಬಿಡಿ ಚಿಪ್) ಅಂಟಿಸುವುದು, ತಂತಿ ಬೆಸೆಯುವುದು, ಎಪಾಕ್ಸಿಯಲ್ಲಿ ಮೋಲ್ಡ್ ಮಾಡುವುದು, ಪರೀಕ್ಷಿಸುವುದು, ಇವೆಲ್ಲ ಕೆಲವು ದಿನಗಳಲ್ಲಿ ಮುಗಿಯುವ ಸರಣಿ. ನೀವು ಇಂದು ಮಾಡಿದ ಬದಲಾವಣೆಯ ಫಲ ಬರುವ ವಾರವೇ ಕಣ್ಣೆದುರು ಬರುತ್ತದೆ. ಫ್ಯಾಬಿನಲ್ಲಿ ಅದೇ ಫಲಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಪ್ರಮಾಣವೂ ದೊಡ್ಡದು: ಜಾಗೀರೋಡಿನ ಘಟಕದ ಉದ್ದೇಶಿತ ಸಾಮರ್ಥ್ಯ ದಿನಕ್ಕೆ 4.8 ಕೋಟಿ ಚಿಪ್. ಹಲವು ಡೈಗಳನ್ನು ಅಕ್ಕಪಕ್ಕ ಅಥವಾ ಒಂದರ ಮೇಲೊಂದು ಕೂಡಿಸುವ ಮುಂದುವರಿದ ಪ್ಯಾಕೇಜಿಂಗ್ ಇಂದಿನ ಕೃತಕ ಬುದ್ಧಿಮತ್ತೆಯ ಚಿಪ್ಪುಗಳಿಗೆ ಅನಿವಾರ್ಯವಾಗಿರುವುದರಿಂದ, ಈ ದಾರಿಯಲ್ಲಿ ಮೇಲೇರುವ ಮೆಟ್ಟಿಲುಗಳೂ ಹೆಚ್ಚಾಗಿವೆ. ಮಿತಿಯನ್ನೂ ಹೇಳಬೇಕು. ಸರಳ ಪ್ಯಾಕೇಜುಗಳನ್ನಷ್ಟೇ ಮಾಡುವ ಘಟಕದಲ್ಲಿ ಒಂದು ಹಂತಕ್ಕೆ ಬಂದ ಮೇಲೆ ಕಲಿಕೆ ನಿಲ್ಲುತ್ತದೆ, ಮತ್ತು ಅಲ್ಲಿಂದ ಫ್ಯಾಬಿನ ಲಿಥೋಗ್ರಫಿಗೋ (ಬೆಳಕಿನಿಂದ ವಿನ್ಯಾಸ ಮೂಡಿಸುವುದು) ಎಚಿಂಗಿಗೋ (ಕೊರೆದು ತೆಗೆಯುವುದು) ನೇರವಾಗಿ ಹಾರುವುದು ಕಷ್ಟ. ಫ್ಲಿಪ್ ಚಿಪ್ (ತಂತಿಯ ಬದಲು ಚಿಪ್ಪನ್ನು ಬೋರಲು ಹಾಕಿ ಬೆಸೆಯುವುದು) ಅಥವಾ ಅದಕ್ಕಿಂತ ಮುಂದಿನ ಸಾಲುಗಳು ಆ ಘಟಕದಲ್ಲಿ ಇವೆಯೇ, ಬರಲಿವೆಯೇ ಎಂದು ಕೇಳಿ ತಿಳಿಯಬೇಕು.

ಮೂರನೆಯದು ಯಂತ್ರ ತಯಾರಿಸುವ ಕಂಪನಿಗಳು. ಊರು ಬಿಡಲು ಮನಸ್ಸಿಲ್ಲದವರಿಗೆ ಇದು ತೀರ ಹತ್ತಿರದ ಆಯ್ಕೆ, ಏಕೆಂದರೆ ಅಪ್ಲೈಡ್ ಮೆಟೀರಿಯಲ್ಸ್ ಮತ್ತು ಲ್ಯಾಮ್ ರಿಸರ್ಚ್ ಎರಡೂ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳನ್ನು ಹೊಂದಿವೆ. ಅಪ್ಲೈಡ್ 2023ರ ಜೂನ್‌ನಲ್ಲಿ ನಾಲ್ಕು ವರ್ಷಗಳಲ್ಲಿ 40 ಕೋಟಿ ಡಾಲರ್ ಹೂಡಿಕೆಯ ಯೋಜನೆಯನ್ನೂ ಪ್ರಕಟಿಸಿತ್ತು. ಇಂಥ ಕಂಪನಿಯ ಪ್ರೋಸೆಸ್ ಎಂಜಿನಿಯರ್ ಒಂದೇ ಯಂತ್ರದ ಆಳಕ್ಕೆ ಇಳಿಯುತ್ತಾರೆ. ಪ್ಲಾಸ್ಮಾ ಎಲ್ಲಿ ಸಾಂದ್ರವಾಗುತ್ತದೆ, ಅನಿಲ ಹರಡುವ ತಟ್ಟೆಯ ರಂಧ್ರಗಳನ್ನು ಬದಲಿಸಿದರೆ ವೇಫರಿನ ಅಂಚಿನಲ್ಲಿ ಏನಾಗುತ್ತದೆ, ಚೇಂಬರಿನ ಗೋಡೆಯ ಲೇಪನ ಎಷ್ಟು ಗಂಟೆ ಬಾಳುತ್ತದೆ ಎಂಬ ಪ್ರಶ್ನೆಗಳಿಗೆ ಫ್ಯಾಬಿನವರಿಗಿಂತ ಹೆಚ್ಚು ಖಚಿತವಾಗಿ ಉತ್ತರಿಸಬಲ್ಲವರು ಇವರೇ. ಆದರೆ ತಮ್ಮ ಯಂತ್ರದಿಂದ ಹೊರಬಿದ್ದ ವೇಫರ್ ಮುಂದೆ ಏನಾಯಿತು, ಅದರ ಟ್ರಾನ್ಸಿಸ್ಟರುಗಳು ಹೇಗೆ ನಡೆದವು ಎಂಬುದು ಇವರಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಗ್ರಾಹಕ ಕಂಪನಿಗಳು ಆ ಮಾಹಿತಿಯನ್ನು ಗುಟ್ಟಾಗಿಡುತ್ತವೆ.

ಇದೇ ಕಂಪನಿಗಳಲ್ಲಿ ಗ್ರಾಹಕರ ಫ್ಯಾಬಿನಲ್ಲಿಯೇ ಕುಳಿತು ಕೆಲಸ ಮಾಡುವ ಹುದ್ದೆಗಳೂ ಇವೆ, ಅವುಗಳನ್ನು ಕಚೇರಿಯ ಹುದ್ದೆಗಳೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಆಫರ್ ಪತ್ರದಲ್ಲಿ ಪ್ರೋಸೆಸ್ ಎಂಜಿನಿಯರ್ ಎಂದಿದ್ದರೂ ದಿನವಿಡೀ ಕಂಪ್ಯೂಟರಿನಲ್ಲಿ ಸಿಮ್ಯುಲೇಷನ್ ಮಾಡುವ ಕೆಲಸವಿರಬಹುದು, ಅಥವಾ ವರ್ಷದ ಬಹುಪಾಲು ತೈವಾನ್, ಕೊರಿಯಾಗಳಲ್ಲಿ ಕಳೆಯಬೇಕಾದ ಕೆಲಸವಿರಬಹುದು. ನನ್ನನ್ನು ಕೇಳಿದರೆ, ಬೆಂಗಳೂರಿನ ಕೇಂದ್ರದಲ್ಲಿ ನಿಜವಾದ ವೇಫರ್ ಓಡಿಸುವ ಪ್ರಯೋಗಾಲಯಕ್ಕೆ ಪ್ರವೇಶವಿರುವ ಹುದ್ದೆ ಅತ್ಯುತ್ತಮ. ಅದಿಲ್ಲದ, ಬರೀ ಪರದೆಯ ಮುಂದಿನ ಹುದ್ದೆಯನ್ನು ಮೊದಲ ಕೆಲಸವಾಗಿ ಒಪ್ಪುವ ಮುನ್ನ ಎರಡು ಸಲ ಯೋಚಿಸಬೇಕು.

ಫ್ಯಾಬನ್ನು ಆರಿಸಿಕೊಂಡವರಿಗೆ ಒಳಗೆ ಇನ್ನೊಂದು ಆಯ್ಕೆ ಕಾದಿರುತ್ತದೆ: ಯಾವ ಮಾಡ್ಯೂಲ್ (ವಿಭಾಗ)? ಕೆಲವು ಕಂಪನಿಗಳು ಆಸಕ್ತಿ ಕೇಳುತ್ತವೆ, ಕೆಲವು ತಾವೇ ಹಂಚುತ್ತವೆ. ಕೇಳಿದರೆ ಉತ್ತರ ಸಿದ್ಧವಿರಬೇಕು.

ಲಿಥೋಗ್ರಫಿ ಎಲ್ಲರ ಕಣ್ಣಿಗೆ ಬೀಳುವ ವಿಭಾಗ. ರೆಸಿಸ್ಟ್ ಎಂಬ ಬೆಳಕಿಗೆ ಸ್ಪಂದಿಸುವ ಲೇಪನ ನೀಲಿ ಮತ್ತು ಅತಿನೇರಳೆ ಬೆಳಕಿಗೆ ಕೆಡುವುದರಿಂದ ಅಲ್ಲಿ ಹಳದಿ ದೀಪಗಳಷ್ಟೇ ಉರಿಯುತ್ತವೆ. ಮೂಡಿದ ಗೆರೆಯ ಅಗಲ, ಕೆಳಗಿನ ಪದರದೊಂದಿಗೆ ಅದು ಕೂಡಿಕೊಂಡ ನಿಖರತೆ, ಈ ಎರಡು ಅಳತೆಗಳ ಸುತ್ತಲೇ ದಿನ ಸಾಗುತ್ತದೆ. ಇಲ್ಲಿ ಹೊಸಬರಿಗೆ ಒಂದು ದೊಡ್ಡ ಸಮಾಧಾನವಿದೆ: ಗೆರೆ ಸರಿಯಾಗಿ ಬಾರದಿದ್ದರೆ ರೆಸಿಸ್ಟನ್ನು ತೆಗೆದುಹಾಕಿ ಮತ್ತೆ ಬಳಿದು ಮತ್ತೆ ಬೆಳಕು ಹಾಯಿಸಬಹುದು. ಎಚಿಂಗಿನಲ್ಲಿ ಈ ಸೌಕರ್ಯವಿಲ್ಲ. ಪ್ಲಾಸ್ಮಾ ಒಮ್ಮೆ ಕೊರೆದು ತೆಗೆದ ವಸ್ತು ಹಿಂದಿರುಗುವುದಿಲ್ಲ, ತಪ್ಪಾದರೆ ವೇಫರ್ ಸ್ಕ್ರ್ಯಾಪ್. ಚೇಂಬರನ್ನು ತೆರೆದು ತೊಳೆದ ಮೇಲಿನ ಮೊದಲ ಕೆಲವು ವೇಫರ್‌ಗಳಲ್ಲಿ ಕೊರೆತದ ವೇಗವೇ ಬೇರೆ ಇರುತ್ತದೆ. ಗೋಡೆಗಳ ಮೇಲೆ ಮತ್ತೆ ತೆಳುಲೇಪ ಕೂರುವವರೆಗೆ ಬೆಲೆಯಿಲ್ಲದ ವೇಫರ್‌ಗಳನ್ನು ಓಡಿಸಿ ಚೇಂಬರನ್ನು ಪಳಗಿಸಬೇಕು. ಕಾರಣ ಮತ್ತು ಪರಿಣಾಮಗಳ ನಂಟನ್ನು ಇಷ್ಟು ಕಟ್ಟುನಿಟ್ಟಾಗಿ ಕಲಿಸುವ ವಿಭಾಗ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ, ಹಾಗಾಗಿ ಆಯ್ಕೆ ಸಿಕ್ಕವರಿಗೆ ಎಚಿಂಗನ್ನೇ ಸೂಚಿಸುತ್ತೇನೆ. ಎಚಿಂಗ್ ಮತ್ತು ಪದರ ಕೂಡಿಸುವ ವಿಭಾಗಗಳಲ್ಲಿ ಪಳಗಿದವರನ್ನು ಯಂತ್ರ ತಯಾರಿಸುವ ಕಂಪನಿಗಳೂ ಹುಡುಕುತ್ತವೆ; ಬೆಂಗಳೂರಿಗೆ ಮರಳುವ ಆಸೆಯಿದ್ದವರು ಇದನ್ನು ನೆನಪಿನಲ್ಲಿಡಬೇಕು.

ಡಿಫ್ಯೂಷನ್ ಕುಲುಮೆಗಳಲ್ಲಿ ನೂರರಷ್ಟು ವೇಫರ್‌ಗಳು ಇಡ್ಲಿ ಪಾತ್ರೆಯ ತಟ್ಟೆಗಳಂತೆ ಒಂದರ ಮೇಲೊಂದು ಕುಳಿತು ಒಟ್ಟಿಗೇ ಬೇಯುತ್ತವೆ, ಆದ್ದರಿಂದ ಒಂದು ತಪ್ಪು ಹಲವು ಲಾಟ್‌ಗಳನ್ನು ಕೆಡಿಸುತ್ತದೆ. ಪ್ರಕ್ರಿಯೆ ನಿಧಾನ, ಬದಲಾವಣೆ ಅಪರೂಪ. ಸಿಎಂಪಿ ಎಂಬ ಉಜ್ಜಿ ಸಮತಟ್ಟು ಮಾಡುವ ವಿಭಾಗ ಮತ್ತು ರಾಸಾಯನಿಕಗಳಲ್ಲಿ ತೊಳೆಯುವ ವೆಟ್ ವಿಭಾಗ ಕೆಮಿಕಲ್ ಓದಿದವರಿಗೆ ಸಹಜವಾಗಿ ಒಗ್ಗುತ್ತವೆ. ಅಯಾನುಗಳನ್ನು ವೇಫರಿನೊಳಕ್ಕೆ ತೂರಿಸುವ ಇಂಪ್ಲಾಂಟ್ ಭೌತಶಾಸ್ತ್ರದವರಿಗೆ ಹತ್ತಿರ. ಯೀಲ್ಡ್ (ಕೆಡದೆ ಹೊರಬರುವ ಚಿಪ್ಪುಗಳ ಪ್ರಮಾಣ) ಮತ್ತು ಇಂಟಿಗ್ರೇಷನ್ (ಹಂತಗಳನ್ನೆಲ್ಲ ಒಂದಕ್ಕೊಂದು ಹೊಂದಿಸುವುದು) ಹುದ್ದೆಗಳು ಕೇಳಲು ಆಕರ್ಷಕವಾಗಿದ್ದರೂ ಒಂದು ಮಾಡ್ಯೂಲಿನಲ್ಲಿ ಕೆಲಕಾಲ ದುಡಿದ ಮೇಲೆ ಅಲ್ಲಿಗೆ ಹೋಗುವುದು ಲೇಸು.

ನ್ಯಾನೊಮೀಟರಿನ ವಿಷಯ. 28 ನ್ಯಾನೊಮೀಟರ್ ಫ್ಯಾಬಿನಲ್ಲಿ 193 ನ್ಯಾನೊಮೀಟರ್ ತರಂಗಾಂತರದ ಲೇಸರ್ ಬೆಳಕಿನ ಯಂತ್ರಗಳಿರುತ್ತವೆ, ಅತ್ಯಾಧುನಿಕ ಫ್ಯಾಬುಗಳಲ್ಲಿ ಅವುಗಳ ಜೊತೆಗೆ 13.5 ನ್ಯಾನೊಮೀಟರಿನ ಇಯುವಿ (ಅತಿ ಕಿರು ತರಂಗಾಂತರದ ಅತಿನೇರಳೆ ಬೆಳಕಿನ) ಯಂತ್ರಗಳಿರುತ್ತವೆ. ಆದರೆ ಚಾರ್ಟ್ ಓದುವುದು, ಪ್ರಯೋಗ ಕಟ್ಟುವುದು, ದೋಷದ ಮೂಲ ಹುಡುಕುವುದು, ಲಾಟನ್ನು ಬಿಡಬೇಕೇ ತಡೆಯಬೇಕೇ ಎಂದು ನಿರ್ಧರಿಸುವುದು ಎರಡೂ ಕಡೆ ಒಂದೇ ವಿದ್ಯೆ. ವಾಹನಗಳಿಗೆ, ವಿದ್ಯುತ್ ನಿಯಂತ್ರಣಕ್ಕೆ ಬೇಕಾದ ಚಿಪ್ಪುಗಳು ಬಹುಮಟ್ಟಿಗೆ ಹಳೆಯ ತಂತ್ರಜ್ಞಾನದಲ್ಲೇ ತಯಾರಾಗುತ್ತವೆ, ಆ ಬೇಡಿಕೆ ನಿಲ್ಲುವಂಥದ್ದಲ್ಲ.

ಇನ್ನು ದಿನಚರಿ ಮತ್ತು ದೇಹಕ್ಕೆ ಸಂಬಂಧಿಸಿದ ಸಂಗತಿಗಳು. ಇವನ್ನು ಸಂಕೋಚಪಡದೆ ತೂಗಿ ನೋಡಬೇಕು. ಫ್ಯಾಬ್ ಹಬ್ಬಕ್ಕೂ ನಿಲ್ಲುವುದಿಲ್ಲ. ಅನೇಕ ಕಡೆ ಹನ್ನೆರಡು ಗಂಟೆಗಳ ಪಾಳಿಗಳಿವೆ. ಎಂಜಿನಿಯರುಗಳಿಗೆ ಹಗಲು ಪಾಳಿ ಎಂದರೂ ಹೊಸಬರನ್ನು ಮೊದಲು ರಾತ್ರಿ ಪಾಳಿಗೆ ಹಾಕುವುದುಂಟು, ಇಲ್ಲವೇ ರಾತ್ರಿ ಫೋನ್ ಬಂದರೆ ಎದ್ದು ಉತ್ತರಿಸುವ ಸರದಿ ಇರುತ್ತದೆ. ಕ್ಲೀನ್ ರೂಮಿನೊಳಗೆ ಕಣ್ಣು ಬಿಟ್ಟು ಉಳಿದೆಲ್ಲ ಮುಚ್ಚುವ ಬನ್ನಿ ಸೂಟ್ ತೊಡಬೇಕು. ನೀರು ಕುಡಿಯಲೂ ಹೊರಗೆ ಬರಬೇಕು. ಪೌಡರ್, ಕುಂಕುಮ, ವಿಭೂತಿಯಂಥ ಪುಡಿಗಳಿಂದ ಕಣಗಳು ಉದುರುವುದರಿಂದ ಅವುಗಳಿಗೂ ಅವಕಾಶವಿಲ್ಲ. ಪ್ಯಾಕೇಜಿಂಗ್ ಘಟಕಗಳಲ್ಲಿ ನಿಯಮಗಳು ಸ್ವಲ್ಪ ಸಡಿಲ, ಆದರೆ ಪಾಳಿ ತಪ್ಪದು. ಯಂತ್ರ ಕಂಪನಿಯ ಕಚೇರಿ ಹುದ್ದೆಯಲ್ಲಿ ಈ ಕಷ್ಟ ಕಡಿಮೆ. ಮನೆಯಲ್ಲಿ ವಯಸ್ಸಾದ ತಂದೆತಾಯಿಯರನ್ನು ನೋಡಿಕೊಳ್ಳಬೇಕಾದವರು, ಆರೋಗ್ಯದ ತೊಂದರೆಯಿರುವವರು ಇದೊಂದೇ ಕಾರಣಕ್ಕೆ ಮೂರನೆಯ ದಾರಿಯನ್ನು ಹಿಡಿದರೆ ಅದು ಸರಿಯಾದ ನಿರ್ಧಾರವೇ.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. ಸೈಲೇನ್ ಗಾಳಿ ತಾಕಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ, ಆರ್ಸೀನ್ ಮತ್ತು ಫಾಸ್ಫೀನ್ ಅತ್ಯಲ್ಪ ಪ್ರಮಾಣದಲ್ಲೂ ವಿಷ, ಹೈಡ್ರೋಫ್ಲೋರಿಕ್ ಆಮ್ಲ ಚರ್ಮದೊಳಕ್ಕೆ ಇಳಿದು ಮೂಳೆಯವರೆಗೂ ಹಾನಿ ಮಾಡಬಲ್ಲದು ಮತ್ತು ತೆಳುವಾದ ಆಮ್ಲವಾದರೆ ನೋವು ಕೆಲವು ಗಂಟೆ ತಡವಾಗಿ ಕಾಣಿಸಿಕೊಳ್ಳುತ್ತದೆ. ವ್ಯವಸ್ಥಿತ ಫ್ಯಾಬುಗಳಲ್ಲಿ ಅನಿಲ ಸೋರಿಕೆ ಪತ್ತೆಯ ಸಾಧನಗಳೂ ಆಮ್ಲದ ಜಾಗದ ಹತ್ತಿರ ಅದು ತಾಕಿದ ಜಾಗಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ಲೂ ಇರುತ್ತವೆ, ಹೊಸಬರಿಗೆ ಕೆಲಸಕ್ಕಿಂತ ಮೊದಲು ಇದರ ತರಬೇತಿ ಕೊಡುತ್ತಾರೆ. ಘಟಕ ನೋಡಲು ಕರೆದರೆ ಇವುಗಳನ್ನು ಕಣ್ಣಾರೆ ನೋಡಿ. ತರಬೇತಿಯನ್ನು ‘ಆಮೇಲೆ ನೋಡೋಣ’ ಎನ್ನುವ ಕಡೆಗೆ ಎಷ್ಟೇ ಸಂಬಳ ಕೊಟ್ಟರೂ ಹೋಗಬಾರದು.

ಆಫರ್ ಇನ್ನೂ ಸಿಗದವರಿಗೆ, ಅಥವಾ ಕೈಯಾರೆ ನೋಡದೆ ನಿರ್ಧರಿಸಲಾಗದವರಿಗೆ ಬೆಂಗಳೂರಿನಲ್ಲೇ ಒಂದು ಒಳ್ಳೆಯ ಅವಕಾಶವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ರಾಷ್ಟ್ರೀಯ ನ್ಯಾನೊಫ್ಯಾಬ್ರಿಕೇಷನ್ ಕೇಂದ್ರವಿದ್ದು, ಹೊರಗಿನ ಕಾಲೇಜುಗಳವರಿಗೂ ಐಎನ್‌ಯುಪಿ (ನ್ಯಾನೊಎಲೆಕ್ಟ್ರಾನಿಕ್ಸ್ ಬಳಕೆದಾರರಿಗಾಗಿನ) ಕಾರ್ಯಕ್ರಮದಡಿ ತರಬೇತಿ ನೀಡಲಾಗುತ್ತದೆ. ಅಲ್ಲಿ ಉತ್ಪಾದನೆಯ ಪ್ರಮಾಣವಿಲ್ಲ, ಚಾರ್ಟ್ ಕಾಯುವ ಶಿಸ್ತೂ ಅಷ್ಟಾಗಿ ಸಿಗದು. ಆದರೆ ಒಬ್ಬರೇ ಲಿಥೋಗ್ರಫಿ, ಎಚಿಂಗ್, ಪದರ ಕೂಡಿಸುವಿಕೆ ಎಲ್ಲವನ್ನೂ ಮುಟ್ಟಿ ನೋಡಬಹುದು. ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿ 180 ನ್ಯಾನೊಮೀಟರ್ ತಂತ್ರಜ್ಞಾನದ ಸರ್ಕಾರಿ ಫ್ಯಾಬ್. ಅದರ ನೇಮಕಾತಿ ಪ್ರಕಟಣೆಗಳ ಮೇಲೂ ಕಣ್ಣಿಡಬಹುದು.

ಸಂದರ್ಶನದ ಕೊನೆಗೆ ‘ನಿಮಗೇನಾದರೂ ಕೇಳುವುದಿದೆಯೇ’ ಎಂದಾಗ ಹೆಚ್ಚಿನವರು ಸುಮ್ಮನಾಗುತ್ತಾರೆ. ಆ ಹೊತ್ತಿನಲ್ಲಿ ಕೇಳಿ: ಮೊದಲ ವರ್ಷದ ಕೊನೆಗೆ ನನ್ನ ಹೆಸರಿಗೆ ಎಷ್ಟು ಯಂತ್ರಗಳು, ಯಾವ ಹಂತಗಳು ಬರುತ್ತವೆ? ಲಾಟ್ ಹೋಲ್ಡ್ ಆದರೆ ತೀರ್ಮಾನ ಯಾರದು? ಆ ಮಾಡ್ಯೂಲಿನಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ಅನುಭವವಿರುವವರು ಇದ್ದಾರೆಯೇ, ಅವರು ನನ್ನ ಪಾಳಿಯಲ್ಲಿ ಸಿಗುತ್ತಾರೆಯೇ? ಪ್ರಯೋಗಗಳಿಗೆ ವೇಫರ್ ಮತ್ತು ಯಂತ್ರದ ಸಮಯ ಕೊಡುತ್ತೀರಾ, ಅಥವಾ ಎಲ್ಲ ಹೊತ್ತೂ ಉತ್ಪಾದನೆಗೇ ಮೀಸಲೇ? ಉತ್ತರಗಳು ನಿರ್ದಿಷ್ಟವಾಗಿದ್ದರೆ ಅದು ಒಳ್ಳೆಯ ಲಕ್ಷಣ. ಆಫರ್ ಪತ್ರ ಬಂದ ಮೇಲೆ ಬಾಂಡ್ ಷರತ್ತನ್ನು ಪೂರ್ತಿ ಓದಿ: ವಿದೇಶ ತರಬೇತಿಗೆ ಪ್ರತಿಯಾಗಿ ಎಷ್ಟು ವರ್ಷ, ನಡುವೆ ಬಿಟ್ಟರೆ ಕಟ್ಟಬೇಕಾದ ಮೊತ್ತ ವರ್ಷ ಕಳೆದಂತೆ ಇಳಿಯುತ್ತದೆಯೇ, ತರಬೇತಿಯೇ ರದ್ದಾದರೆ ಬಾಂಡ್ ಕೂಡ ರದ್ದಾಗುತ್ತದೆಯೇ. ಈ ಕೊನೆಯ ಅಂಶವನ್ನು ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು, ಸಹಿ ಹಾಕುವ ಮೊದಲೇ ಪತ್ರದಲ್ಲಿ ಬರೆಸಿಕೊಳ್ಳಬೇಕು.